ಹೊಸ ಚರ್ಮದ ಜೀನು ಮತ್ತು ನಮ್ಮ ಮಳೆಗಾಲ: ಮಾರ್ಚ್‌ನಿಂದ ಅಕ್ಟೋಬರ್‌ವರೆಗಿನ ಕೆಲಸದ ಲಾಗ್

ಹೊಸ ಸ್ಯಾಡಲ್ ಹದ ಮಾಡೋದು ಹೇಗೆ ಅಂತ ಹುಡುಕಿದ್ರೆ ಸಿಗೋದೆಲ್ಲ ಒಣ ಹವೆಯ ಊರಿನವರು ಬರೆದದ್ದು. ಎಣ್ಣೆ ಕುಡಿಸಿ, ಇನ್ನೂ ಕುಡಿಸಿ, ಚರ್ಮ ಒಣಗ್ಲಿಕ್ಕೆ ಬಿಡ್ಬೇಡಿ ಅಂತ. ಮಂಗಳೂರಲ್ಲಿ ಚರ್ಮ ಒಣಗೋದೆಲ್ಲಿಂದ ಮಾರ್ರೆ, ವರ್ಷಕ್ಕೆ 3,500 ಮಿಲಿಮೀಟರ್ ದಾಟಿ ಮಳೆ ಸುರಿಯೋ ಊರು, ಕಪಾಟಿನಲ್ಲಿಟ್ಟ ಸೊಂಟದ ಬೆಲ್ಟಿಗೇ ಜುಲೈಯಲ್ಲಿ ಬೂಷ್ಟು ಬಂದಿರ್ತದೆ. ಇಲ್ಲಿ ಜೀನಿಗೆ ಬೇಕಾದ್ದು ಎಣ್ಣೆಗಿಂತ ಗಾಳಿ. ಹಾಗಾಗಿ ನಾನು ಮಾಡಿದ್ದು, ಆಗದೆ ಬಿಟ್ಟದ್ದು, ಖರ್ಚು, ಎಲ್ಲ ಸೇರಿಸಿ ಬರೀತಾ ಇದ್ದೇನೆ, ಕರಾವಳಿಯಲ್ಲಿ ಕುದುರೆ ಇಟ್ಟುಕೊಂಡ ನಾಲ್ಕು ಜನಕ್ಕಾದ್ರೂ ಉಪಯೋಗಕ್ಕೆ ಬರ್ಬಹುದು. ನಮ್ಮ ಕಡೆ ಕುದುರೆ ಅಂದ್ರೆ ಜನಕ್ಕೆ ಮೊದಲು ನೆನಪಾಗೋದು ಗರಡಿಯಲ್ಲೋ (ತುಳುನಾಡಿನ ವೀರರ ಗುಡಿ) ದೈವಸ್ಥಾನದಲ್ಲೋ ಬೆರ್ಮೆರ್ ದೈವ ಏರಿ ಕೂತ ಕುದುರೆ, ಜೀವಂತ ಕುದುರೆಗೆ ಜೀನು ಹೊಲಿಯೋರನ್ನ ಇಲ್ಲಿ ಹುಡುಕ್ಲಿಕ್ಕೆ ಹೋದ್ರೆ ಕಾರಿನ ಸೀಟ್ ಹೊಲಿಯೋರ ಹತ್ರ ಬಂದು ನಿಲ್ತೇವೆ, ಆ ಕಥೆ ಕೊನೆಗೆ ಉಂಟು.

ಕುದುರೆ ರೇಸ್ ಬಿಟ್ಟ ಥರೋಬ್ರೆಡ್, ಹೆಣ್ಣು. ಶೆಡ್ಡು ಮೂಲ್ಕಿ ಕಡೆ. ಇಷ್ಟು ಸಮಯ ಸಿಂಥೆಟಿಕ್ ಸ್ಯಾಡಲ್‌ನಲ್ಲಿ ನಡೀತಿತ್ತು, ಮಳೆಗಾಲಕ್ಕೆ ಅದೇ ಒಳ್ಳೇದು, ನೀರು ಹಾಕಿ ತೊಳೆದ್ರೆ ಮುಗೀತು. ಆದ್ರೆ ಇವಳ ಬೆನ್ನು ತೆಳ್ಳಗೆ, ವಿದರ್ಸ್ (ಕುತ್ತಿಗೆ ಮುಗಿದು ಬೆನ್ನು ಶುರುವಾಗೋ ಕಡೆಯ ಉಬ್ಬು) ಎತ್ತರ, ಆ ಸ್ಯಾಡಲ್ ಮುಂದೆ ಕೂತು ಒತ್ತುತ್ತಿತ್ತು.

1. ಮಾರ್ಚ್: ಎಣ್ಣೆ ಮುಟ್ಟೋ ಮೊದಲು

ಜೀನು ಕಾನ್ಪುರದ್ದು. ಕಾನ್ಪುರ ಸ್ಯಾಡ್ಲರಿಗೆ ಜಿಐ ಟ್ಯಾಗ್ (ಊರಿನ ಹೆಸರಿಗೆ ಸಿಗೋ ಭೌಗೋಳಿಕ ಗುರುತು) ಉಂಟು, ಬ್ರಿಟಿಷರ ಕಾಲದಿಂದ ಸೈನ್ಯಕ್ಕೆ ಜೀನು ಲಗಾಮು ಮಾಡಿಕೊಟ್ಟ ಊರು ಅದು. ಇಂಗ್ಲಿಷ್ ಸ್ಟೈಲ್, ಜನರಲ್ ಪರ್ಪಸ್, ಸೀಟು 17.5 ಇಂಚು, ವೆಜಿಟೇಬಲ್ ಟ್ಯಾನ್ ಮಾಡಿದ ಎಮ್ಮೆ ಚರ್ಮ, ಒಳಗೆ ಮರದ ಟ್ರೀ (ಜೀನಿನ ಚೌಕಟ್ಟು), ಬೆನ್ನಿಗೆ ತಾಗೋ ಮೆತ್ತೆ, ಅಂದ್ರೆ ಪ್ಯಾನೆಲ್‌ನಲ್ಲಿ ಉಣ್ಣೆ. ಕೊರಿಯರ್ ಸೇರಿ 24,500 ರೂಪಾಯಿ. ಗರ್ತ್ (ಹೊಟ್ಟೆಯ ಅಡಿಯಿಂದ ಕಟ್ಟೋ ಪಟ್ಟಿ), ಸ್ಟಿರಪ್ ಲೆದರ್ (ಕಾಲಿಡೋ ರಿಕಾಪು ನೇತಾಡೋ ಪಟ್ಟಿ) ಬೇರೆ, ಅದಕ್ಕೆ 3,800.

ಬಾಕ್ಸ್ ಬಿಚ್ಚಿದ ಕೂಡ್ಲೆ ಎಣ್ಣೆ ಹಚ್ಚಬೇಡಿ. ಎಣ್ಣೆ ಬಿದ್ದ ಜೀನನ್ನ ಯಾವ ಅಂಗಡಿಯವನೂ ವಾಪಸ್ ತಗೊಳ್ಳೋದಿಲ್ಲ. ಮೊದಲು ಟ್ರೀ ನೋಡ್ಬೇಕು: ಜೀನಿನ ಮುಂಭಾಗವನ್ನ ತೊಡೆಗೆ ಒತ್ತಿ ಹಿಡಿದು ಹಿಂಭಾಗವನ್ನ ನಮ್ಮ ಕಡೆ ಎಳೆದ್ರೆ ಸ್ವಲ್ಪ ಬಾಗ್ಬೇಕು, ಬಿಟ್ಟ ಕೂಡ್ಲೆ ವಾಪಸ್ ಬರ್ಬೇಕು. ಕಟಕಟ ಸದ್ದು ಬಂದ್ರೆ, ಮಡಚಿದ ಹಾಗೆ ಆದ್ರೆ, ಟ್ರೀ ಒಡೆದಿದೆ ಅಂತ. ಆಮೇಲೆ ಕವುಚಿ ಹಾಕಿ ಹಿಂದಿನಿಂದ ಪ್ಯಾನೆಲ್ ನೋಡೋದು, ಎರಡೂ ಕಡೆ ಒಂದೇ ದಪ್ಪ ಉಂಟಾ, ಎರಡರ ನಡುವಿನ ಸಂದಿ, ಅಂದ್ರೆ ಚಾನೆಲ್, ನೇರ ಉಂಟಾ ಅಂತ. ಚಾನೆಲ್‌ನಲ್ಲಿ ಉದ್ದಕ್ಕೂ ಮೂರು ಬೆರಳು ಆರಾಮಾಗಿ ಹೋಗ್ಬೇಕು, ಬೆನ್ನುಮೂಳೆ ಮೇಲೆ ಏನೂ ಒತ್ತಬಾರದು.

ಮತ್ತೆ ಕುದುರೆ ಮೇಲೆ. ತೆಳು ಬಿಳಿ ಪಂಚೆ ಬಟ್ಟೆ ಹಾಸಿ ಅದರ ಮೇಲೆ ಇಟ್ಟೆ, ಪ್ಯಾಡ್ ಇಲ್ಲದೆ, ಯಾಕಂದ್ರೆ ದಪ್ಪ ಪ್ಯಾಡ್ ಹಾಕಿದ್ರೆ ತಪ್ಪು ಫಿಟ್ಟಿಂಗೂ ಸರಿ ಅನ್ನಿಸ್ತದೆ. ವಿದರ್ಸ್ ಮೇಲೆ ಇಟ್ಟು ಹಿಂದಕ್ಕೆ ಜಾರಿಸಿದ್ರೆ ಭುಜದ ಮೂಳೆಯ ಹಿಂದೆ ತಾನೇ ನಿಲ್ತದೆ, ಅದೇ ಅದರ ಜಾಗ, ಅಲ್ಲಿಂದ ಮುಂದೆ ಎಳೀಬಾರದು. ಹಿಂದೆ ಕೊನೆಯ ಪಕ್ಕೆಲುಬು ದಾಟಬಾರದು, ಅದು 18ನೇದು, ಬೆರಳಲ್ಲಿ ಒತ್ತಿ ಹುಡುಕ್ಲಿಕ್ಕೆ ಆಗ್ತದೆ. ನಾನು ಹತ್ತಿ ಕೂತ ಮೇಲೆ ಮುಂದಿನ ಕಮಾನಿನ ಕೆಳಗೆ ನಮ್ಮ ಸೈಸ್ (ಕುದುರೆ ನೋಡಿಕೊಳ್ಳುವವ) ಬೆರಳು ಹಾಕಿ ನೋಡಿದ, ಮೂರು ಬೆರಳು. ಹೊಸ ಉಣ್ಣೆ ಕೂತ ಮೇಲೆ ಇದು ಕಮ್ಮಿ ಆಗ್ತದೆ, ಹೊಸದರಲ್ಲೇ ಎರಡು ಬೆರಳು ಇದ್ರೆ ನಾನು ವಾಪಸ್ ಕಳಿಸ್ತಿದ್ದೆ.

2. ಅದೇ ವಾರ: ಎಣ್ಣೆ ಟೆಸ್ಟ್

ಯಾವ ಎಣ್ಣೆ ಅಂತ ಕೇಳಿದ್ರೆ ಊರೆಲ್ಲ ಒಂದೊಂದು ಹೇಳ್ತದೆ. ಹಳೇ ಸ್ಟಿರಪ್ ಲೆದರ್ ಒಂದು ಬಿದ್ದಿತ್ತು, ಅದನ್ನ ಗ್ಲಿಸರಿನ್ ಸೋಪಲ್ಲಿ ಕ್ಲೀನ್ ಮಾಡಿ 4 ಇಂಚಿನ ತುಂಡು ಮಾಡಿದೆ, ಒಂದೊಂದಕ್ಕೆ ಒಂದೊಂದು ಹಚ್ಚಿ ಶೆಡ್ಡಿನಲ್ಲೇ ತೂಗುಹಾಕಿದೆ.

ತೆಂಗಿನೆಣ್ಣೆ: ಬೇಗ ಮೆತ್ತಗಾಯ್ತು, ಬಣ್ಣ ಸಿಕ್ಕಾಪಟ್ಟೆ ಕಪ್ಪಾಯ್ತು, ಇರುವೆ ಬಂತು, ಮಳೆ ಶುರುವಾದ ಮೇಲೆ ಮೊದಲು ಬೂಷ್ಟು ಹಿಡಿದದ್ದೂ ಇದಕ್ಕೇ.

ಹೊಂಗೆ ಎಣ್ಣೆ: ಚರ್ಮ ಹದ ಮಾಡ್ಲಿಕ್ಕೆ ಹಿಂದಿನಿಂದ ಬಳಸ್ತಾ ಬಂದದ್ದು, ಹುಳ ಹತ್ರ ಬರೋದಿಲ್ಲ, ಒಪ್ಪಿದೆ. ಆದ್ರೆ ಆ ವಾಸನೆ ಹೋಗೋದೇ ಇಲ್ಲ, ಮೇಲ್ಮೈ ಅಂಟಂಟು, ಪ್ಯಾಂಟಿಗೆ ಬಣ್ಣ ಬಿಡ್ತದೆ.

ಬೂತಾಯಿ (ಮತ್ತಿ ಮೀನು) ಎಣ್ಣೆ: ಮಲ್ಪೆ ಕಡೆಯ ಸ್ನೇಹಿತ ಒಬ್ಬ ತಂದುಕೊಟ್ಟದ್ದು. ಮರದ ದೋಣಿಗೆ ಬಳೀತಿದ್ದದ್ದು ಇದೇ, ಚರ್ಮ ಹದ ಮಾಡೋ ಕಡೆಗೂ ಮೀನೆಣ್ಣೆ ಹೋಗ್ತದೆ. ಚರ್ಮ ನಿಜಕ್ಕೂ ಚೆನ್ನಾಗಿ ಬಂತು, ಸುಳ್ಳು ಹೇಳೋದಿಲ್ಲ. ಆದ್ರೆ ಶೆಡ್ಡಿನ ನಾಯಿ ಆ ತುಂಡನ್ನೇ ಎತ್ತಿಕೊಂಡು ಹೋಯ್ತು, ಟೆಸ್ಟ್ ಅಲ್ಲಿಗೆ ಮುಗೀತು.

ನೀಟ್ಸ್‌ಫುಟ್ ಎಣ್ಣೆ: ದನದ ಕಾಲಿನ ಎಲುಬಿಂದ ತೆಗೆಯೋದು, ಪೂರ್ತಿ ಶುದ್ಧದ್ದು ಅಂತ ಬಾಟಲಿ ಮೇಲೆ ಬರೆದದ್ದನ್ನೇ ತಗೋಬೇಕು. ಕಾಂಪೌಂಡ್ ಅಂತ ಇದ್ರೆ ಮಿನರಲ್ ಆಯಿಲ್ ಬೆರೆಸಿರ್ತಾರೆ. 500 ಮಿಲಿಗೆ 850 ರೂ. ಬಣ್ಣ ಒಂದು ಶೇಡ್ ಗಾಢ ಆಯ್ತು, ಅಂಟು ಇಲ್ಲ, ಮೆತ್ತಗಾಗೋದು ನಿಧಾನ. ಇದನ್ನೇ ಇಟ್ಟುಕೊಂಡೆ.

3. ಏಪ್ರಿಲ್: ಎಣ್ಣೆ ಹಚ್ಚಿದ್ದು, ಬಗ್ಗಿಸಿದ್ದು

ಮೊದಲು ಕಂಪನಿಯವರು ಹಚ್ಚಿದ ಮೇಣ ತೆಗೀಬೇಕು, ಅದಿದ್ರೆ ಎಣ್ಣೆ ಒಳಗೆ ಹೋಗೋದೇ ಇಲ್ಲ. ಸ್ಪಂಜನ್ನ ಗಟ್ಟಿಯಾಗಿ ಹಿಂಡಿ ಗ್ಲಿಸರಿನ್ ಸ್ಯಾಡಲ್ ಸೋಪ್ ಮೇಲೆ ಉಜ್ಜಿ ಒರೆಸೋದು, ನೊರೆ ಬಂದ್ರೆ ನೀರು ಜಾಸ್ತಿ ಆಯ್ತು ಅಂತ ಲೆಕ್ಕ. ಒರೆಸಿ ಒಂದು ರಾತ್ರಿ ಫ್ಯಾನ್ ಕೆಳಗೆ.

ನಮ್ಮ ಸೈಸ್ ವಿಜಯಪುರ ಕಡೆಯವ, ನಾನು ಬ್ರಶ್ ಹಿಡ್ಕೊಂಡು ಸೀಟಿಗೆ ಕೈ ಹಾಕಿದ್ದೇ, "ಮ್ಯಾಲೆ ಬ್ಯಾಡ್ರೀ ಸರ, ಒಳಗಿಂದ ಹಚ್ಚರಿ, ಮ್ಯಾಲಿಂದು ತಾನ ಹೀರ್ಕೋತೈತಿ" ಅಂದ. ಸರಿಯಾದ ಮಾತು. ಚರ್ಮದ ಒರಟು ಬದಿ ಎಣ್ಣೆ ಕುಡೀತದೆ, ನುಣುಪು ಬದಿ ಬರೀ ತಡೀತದೆ. ಹಾಗಾಗಿ ಫ್ಲಾಪ್‌ನ (ಕಾಲಿನ ಅಡಿಗೆ ಬರೋ ಅಗಲ ರೆಕ್ಕೆ) ಒಳಬದಿಗೆ, ಅದರ ಅಡಿಯ ಸ್ವೆಟ್ ಫ್ಲಾಪ್‌ಗೆ, ಸ್ಟಿರಪ್ ಲೆದರ್‌ನ ಹಿಂಬದಿಗೆ. ಎಣ್ಣೆ ಬಾಟಲಿಯನ್ನ ಉಗುರು ಬೆಚ್ಚಗಿನ ನೀರಲ್ಲಿ ಸ್ವಲ್ಪ ಇಟ್ಟು, 1 ಇಂಚಿನ ಪೇಂಟ್ ಬ್ರಶ್‌ನಲ್ಲಿ ತೆಳು ಕೋಟ್, 24 ಗಂಟೆ ಬಿಟ್ಟು ಗಟ್ಟಿ ಉಳಿದ ಕಡೆ ಮಾತ್ರ ಇನ್ನೊಂದು. ಇಡೀ ಜೀನಿಗೆ ಸುಮಾರು 60 ಮಿಲಿ ಹೋಯ್ತು, ಅಷ್ಟೇ. ಬಾಟಲಿಯ ಅರ್ಧ ಮುಗಿಸಿ ಅಂತ ಬರೆದದ್ದನ್ನೂ ಓದಿದ್ದೇನೆ, ಇಲ್ಲಿ ಅದನ್ನ ಮಾಡಿದ್ರೆ ಆ ಹೆಚ್ಚಿನ ಎಣ್ಣೆ ಆಟಿಯಲ್ಲಿ (ಜುಲೈ-ಆಗಸ್ಟ್‌ನ ತುಳು ತಿಂಗಳು) ಬೂಷ್ಟಿಗೆ ಊಟ.

ಎಣ್ಣೆ ಹಚ್ಚದೆ ಬಿಟ್ಟ ಜಾಗಗಳು ಮುಖ್ಯ. ಗರ್ತ್ ಕಟ್ಟೋ ಬಿಲೆಟ್ ಪಟ್ಟಿಗಳಿಗೆ ಬಟ್ಟೆಯಲ್ಲಿ ಒರೆಸಿದಷ್ಟು ಮಾತ್ರ, ಅವು ಮೆತ್ತಗಾದ್ರೆ ಹಿಗ್ಗುತ್ತವೆ, ತೂತು ಅಗಲ ಆಗ್ತದೆ, ನಮ್ಮ ಜೀವ ನೇತಾಡೋದು ಅದರಲ್ಲೇ. ಪ್ಯಾನೆಲ್‌ನ ಅಡಿಗೂ ಹಾಗೇ, ಎಣ್ಣೆ ಉಣ್ಣೆಗೆ ಇಳಿದ್ರೆ ಗಂಟು ಕಟ್ತದೆ. ಮೊಣಕಾಲಿಗೆ ಆನಿಕೆಯ ಮೆತ್ತೆ, ಅಂದ್ರೆ ನೀ ರೋಲ್, ಅದರ ಸ್ವೀಡ್ ಚರ್ಮ ಮುಟ್ಟಲೇ ಇಲ್ಲ.

ಬಗ್ಗಿಸೋದು ಕೈಯಲ್ಲೇ. ಫ್ಲಾಪನ್ನ ಸ್ವಲ್ಪ ಸ್ವಲ್ಪ ಸುತ್ತಿ ಬಿಡೋದು, ಸ್ಟಿರಪ್ ಲೆದರನ್ನ ದಪ್ಪ ಬಿದಿರಿನ ಮೇಲೆ ಹಿಂದೆ ಮುಂದೆ ಎಳೆಯೋದು, ಟಿವಿ ನೋಡ್ತಾ ಮಾಡುವ ಕೆಲಸ. ರೈಡಿಂಗ್ ಬೆಳಿಗ್ಗೆ ಬೇಗ, ಏಪ್ರಿಲ್ ಸೆಕೆಯಲ್ಲಿ ಎಂಟು ಗಂಟೆ ಮೇಲೆ ಕುದುರೆಗೂ ಬೇಡ ನಮಗೂ ಬೇಡ. ಶುರುವಿಗೆ 20-30 ನಿಮಿಷ, ನಡಿಗೆ ಮತ್ತೆ ಟ್ರಾಟ್ (ನಿಧಾನ ಓಟ). ಕಿರ್ ಕಿರ್ ಸದ್ದು ತಲೆ ತಿನ್ನುತ್ತಿತ್ತು, ಎಣ್ಣೆ ಹಚ್ಚಿದ್ರೂ ಹೋಗ್ಲಿಲ್ಲ, ಫ್ಲಾಪ್ ಮತ್ತು ಸ್ವೆಟ್ ಫ್ಲಾಪ್ ಒಂದಕ್ಕೊಂದು ಉಜ್ಜುವಲ್ಲಿ ಸ್ವಲ್ಪ ಟಾಲ್ಕಮ್ ಪೌಡರ್ ಉದುರಿಸಿದ ಮೇಲೆ ನಿಂತಿತು.

ಸ್ಟಿರಪ್ ಲೆದರ್ ಎರಡನ್ನೂ ಟೇಪ್ ಹಿಡಿದು ಅಳೆದಿಟ್ಟಿದ್ದೆ, 54 ಇಂಚು. ಮೇ ಶುರುವಿಗೆ ಎಡದ್ದು 54.5 ದಾಟಿತ್ತು, ಬಲದ್ದು ಕಾಲು ಇಂಚು ಸಹ ಹಿಗ್ಗಿರ್ಲಿಲ್ಲ. ಹತ್ತೋದು ಯಾವಾಗ್ಲೂ ಎಡಗಡೆಯಿಂದ, ಇಡೀ ಭಾರ ಅದರ ಮೇಲೇ. ಈಗ ಪ್ರತಿ ವಾರ ಎಡದ್ದು ಬಲಕ್ಕೆ ಬಲದ್ದು ಎಡಕ್ಕೆ ಬದಲಾಯಿಸ್ತೇನೆ, ಹತ್ತಲಿಕ್ಕೆ ಮುರಕಲ್ಲಿನ (ಕೆಂಪು ಕಲ್ಲು) ಕಟ್ಟೆ ಒಂದು ಮಾಡಿಸಿದೆ.

4. ಮೇ, ಪತ್ತನಾಜೆಯ (ಮಳೆಗೆ ಮೊದಲು ಬರೋ ತುಳುನಾಡಿನ ಆಚರಣೆ) ಮೊದಲು: ಸ್ಟ್ಯಾಂಡ್

ಗೋಡೆಗೆ ಹೊಡೆದ 4 ಇಂಚಿನ ಪಿವಿಸಿ ಪೈಪಿನ ಬ್ರಾಕೆಟ್ ಮೇಲೆ ಇಡ್ತಿದ್ದೆ. ಎರಡು ತೊಂದರೆ. ಪೈಪ್ ಸಪೂರ, ಭಾರವೆಲ್ಲ ಚಾನೆಲ್‌ನ ಅಂಚಿಗೆ ಬಿದ್ದು ಪ್ಯಾನೆಲ್‌ನಲ್ಲಿ ಗೆರೆ ಮೂಡ್ತಿತ್ತು. ಮತ್ತೆ ಗೋಡೆ ಮುರಕಲ್ಲಿಂದು, ಸಾರಣೆ ಇಲ್ಲ, ಮಳೆಗೆ ಮೊದಲೇ ತಂಪು ಹಿಡಿದಿತ್ತು, ಗೋಡೆ ಕಡೆಯ ಫ್ಲಾಪ್ ಮುಟ್ಟಿದ್ರೆ ತಣ್ಣಗೆ.

ಹಂಚು ತೆಗೆದ ಹಳೇ ಮನೆಯ ರೀಪುಗಳು ಸಿಕ್ಕಿದವು. 24 ಇಂಚು ಉದ್ದಕ್ಕೆ ಕತ್ತರಿಸಿ, ಮಾಡಿನ ಆಕಾರಕ್ಕೆ ಒಂದೊಂದು ಬದಿ ನಾಲ್ಕು ರೀಪು, ನಡುನಡುವೆ ಒಂದು ಇಂಚು ಸಂದಿ, ಗಾಳಿ ಆಡ್ಲಿಕ್ಕೆ. ನೆತ್ತಿಯಲ್ಲಿ 3 ಇಂಚು ಖಾಲಿ ಬಿಟ್ಟೆ, ಹಾಗಾಗಿ ಚಾನೆಲ್ ಎಲ್ಲೂ ಮುಟ್ಟೋದಿಲ್ಲ, ಜೀನು ಪ್ಯಾನೆಲ್ ಮೇಲೆ ಕೂರ್ತದೆ, ಕುದುರೆ ಮೇಲೆ ಕೂತ ಹಾಗೇ. ಅಂಚೆಲ್ಲ ಮರಳು ಕಾಗದದಲ್ಲಿ ಉಜ್ಜಿದೆ, ಮೊಳೆ ಬದಲು ಸ್ಟೀಲ್ ಸ್ಕ್ರೂ, ತಲೆ ಒಳಗೆ ಹೋಗುವ ಹಾಗೆ. ಬಂದರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಸ್ಕ್ರೂ, ಚಕ್ರ ಎಲ್ಲ ಸೇರಿ 460 ರೂ. ಕೋಣೆಯ ನಡುವೆ ನಿಲ್ಲಿಸಿದೆ, ಎಲ್ಲಾ ಗೋಡೆಯಿಂದ ಎರಡು ಅಡಿ ದೂರ. ಮೇಲೆ ಹಳೇ ಕಾಟನ್ ಬೆಡ್‌ಶೀಟ್. ಬಾಕ್ಸ್ ಜೊತೆ ಬಂದ ಪ್ಲಾಸ್ಟಿಕ್ ಕವರ್ ಬಿಸಾಡಿದೆ.

5. ಜೂನ್‌ನಿಂದ ಆಟಿಯವರೆಗೆ

ಗಾಳಿಯ ತೇವ ಅಳೆಯೋ ಹೈಗ್ರೋಮೀಟರ್ ಒಂದು ತಗೊಂಡೆ, 320 ರೂ. ಇಡೀ ಲಿಸ್ಟಿನಲ್ಲಿ ದುಡ್ಡಿಗೆ ತಕ್ಕ ವಸ್ತು ಇದೊಂದೇ ಅನ್ನಬಹುದು. ಜುಲೈಯಲ್ಲಿ ಕೋಣೆ 27 ಡಿಗ್ರಿ, ತೇವ ಶೇಕಡಾ 90. ಆ ಗಾಳಿಯಲ್ಲಿ ಸ್ಟ್ಯಾಂಡ್ ಎಷ್ಟು ಚಂದ ಇದ್ರೂ ಬೂಷ್ಟು ಬರ್ತದೆ, ಬಂತು ಕೂಡ, ಹೊಲಿಗೆಯ ಗುಂಟ ಬಿಳಿ ಹುಡಿ. 75ಕ್ಕಿಂತ ಕೆಳಗೆ ಇಳಿಸದೆ ಉಪಾಯ ಇಲ್ಲ.

ಅಮ್ಮ ಹೇಳಿದ್ದು, "ಅಟ್ಟದಲ್ಲಿಡು, ಒಲೆ ಹೊಗೆಗೆ ಹುಳವೂ ಇಲ್ಲ ಬೂಷ್ಟೂ ಇಲ್ಲ." ಕೊಬ್ಬರಿ, ಹುಣಸೆ ಎಲ್ಲ ಅಲ್ಲೇ ಉಳಿದದ್ದಲ್ವಾ. ಜೀನು ಇಡುವ ಧೈರ್ಯ ಆಗ್ಲಿಲ್ಲ, ಹಳೇ ಗರ್ತ್ ಒಂದನ್ನ ಬಚ್ಚಲಿನ ಒಲೆಯ ಮೇಲಿನ ಅಟ್ಟದಲ್ಲಿಟ್ಟೆ. ಬೂಷ್ಟು ಬರ್ಲಿಲ್ಲ, ಅಮ್ಮನ ಮಾತು ನಿಜ. ಆದ್ರೆ ಗರ್ತ್ ಹಪ್ಪಳ ಆಗಿ ಇಳೀತು, ಬಗ್ಗಿಸಿದ್ರೆ ಬಿರುಕು, ಮೇಲೆ ಮಸಿ ಬೇರೆ. ತೇವ ಹೋಗಬೇಕು, ಬೆಂಕಿಯ ಕಾವು ತಾಗಬಾರದು.

ತೇವ ಹೀರುವ ಡಬ್ಬಿ, ಕ್ಯಾಲ್ಸಿಯಂ ಕ್ಲೋರೈಡ್‌ದ್ದು, ಅದೂ ಇಟ್ಟು ನೋಡಿದೆ. ಡಬ್ಬಿ ಬೇಗ ಬೇಗ ತುಂಬ್ತದೆ, ಮೀಟರ್ ಕದಲೋದಿಲ್ಲ, ಕೋಣೆ ದೊಡ್ಡದು. ಮತ್ತೆ ಆ ಉಪ್ಪುನೀರು ಚರ್ಮಕ್ಕೆ ಚೆಲ್ಲಿದ್ರೆ ಕಲೆ ಅಲ್ಲ, ಚರ್ಮವೇ ಹಾಳು. ತೆಗೆದುಬಿಟ್ಟೆ.

ಕೊನೆಗೆ ಕೆಲಸ ಮಾಡಿದ್ದು ಹಳೇ ಬಟ್ಟೆ ಕಪಾಟು. ಅಡ್ಡ ಹಲಗೆಗಳನ್ನ ತೆಗೆದು ಸ್ಟ್ಯಾಂಡ್ ಒಳಗೆ ತೂರಿಸಿದೆ, ಅಡಿಯಲ್ಲಿ 40 ವಾಟಿನ ಹಳೇ ಕಾಲದ ಬಲ್ಬ್, ಅದರ ಸುತ್ತ ತಂತಿ ಬಲೆ, ಜೀನಿನಿಂದ ಒಂದೂವರೆ ಅಡಿ ಕೆಳಗೆ, ಬಾಗಿಲಲ್ಲಿ ಮೇಲೆ ಕೆಳಗೆ ತೂತು. ಎಲ್‌ಇಡಿ ಹಾಕಿದ್ರೆ ಪ್ರಯೋಜನ ಇಲ್ಲ, ನಮಗೆ ಬೇಕಾದ್ದು ಬೆಳಕಲ್ಲ ಬಿಸಿ. ಬಲ್ಬ್ ಹುಡುಕ್ಲಿಕ್ಕೇ ಅಂಗಡಿ ಅಂಗಡಿ ಸುತ್ತಬೇಕಾಯ್ತು. ಕಪಾಟಿನ ಒಳಗೆ 32 ಡಿಗ್ರಿ, ತೇವ 66-68. ಐದು ಡಿಗ್ರಿ ಏರಿಸಿದ್ರೆ ಸಾಕು, ಅಷ್ಟೇ ಅದರ ಗುಟ್ಟು. ವೈರಿಂಗ್ ಮಾತ್ರ ಎಲೆಕ್ಟ್ರಿಷಿಯನ್ ಕೈಯಲ್ಲಿ ಮಾಡಿಸಿ, ಒಣ ಮರದ ಪೆಟ್ಟಿಗೆ ಒಳಗೆ ಬಲ್ಬ್ ಉರಿಸೋದು ಆಟ ಅಲ್ಲ.

ಬಂದ ಬೂಷ್ಟು ತೆಗೆದದ್ದು ಹೀಗೆ: ಜೀನನ್ನ ಜಗಲಿಗೆ ತಂದೆ, ಒಳಗೆ ಒರೆಸಿದ್ರೆ ಹುಡಿ ಹಾರಿ ಕೋಣೆ ತುಂಬ ಮತ್ತೆ ಬೀಜ ಬಿತ್ತಿದ ಲೆಕ್ಕ. ಮಾಸ್ಕ್ ಹಾಕಿಕೊಂಡು, ಬಿಳಿ ವಿನೆಗರ್ ಮತ್ತು ನೀರು ಸಮಸಮ, ಬಟ್ಟೆ ಹಿಂಡಿ ಒರೆಸೋದು, ಹೊಲಿಗೆಗೆ ಮೆತ್ತನೆ ಹಳೇ ಹಲ್ಲುಜ್ಜುವ ಬ್ರಶ್. ಒರೆಸಿದ ಬಟ್ಟೆ ಮರುಬಳಕೆ ಬೇಡ. ಫ್ಯಾನ್ ಕೆಳಗೆ ಒಣಗಿಸಿ, ಗ್ಲಿಸರಿನ್ ಸೋಪು, ಆಮೇಲೆ ಜೇನುಮೇಣದ ಬಾಮ್ ತೆಳ್ಳಗೆ. ಎಣ್ಣೆ ಇಲ್ಲ.

ಆಟಿಯಲ್ಲಿ ಒಂದು ದಿನ ಮೋಡ ಬಿಟ್ಟು ಬಿಸಿಲು ಬಂತು, ಸೈಸ್ ಖುಷಿಯಲ್ಲಿ ಜೀನನ್ನ ಅಂಗಳಕ್ಕೆ ತರ್ಲಿಕ್ಕೆ ಹೊರಟ. ತಡೆದೆ. ಆಟಿಯ ಬಿಸಿಲಿಗೆ ಆನೆಯ ಬೆನ್ನೇ ಒಡೀತದೆ ಅಂತ ತುಳುವಿನಲ್ಲಿ ಗಾದೆ ಉಂಟು, ಎಮ್ಮೆ ಚರ್ಮ ಯಾವ ಲೆಕ್ಕ. ನೆರಳು, ಗಾಳಿ, ಅಷ್ಟೇ.

ದಿನದ ಕೆಲಸ: ರೈಡ್ ಮುಗಿದ ಕೂಡ್ಲೆ, ಬೆವರು ಒಣಗೋ ಮೊದಲೇ, ಹಿಂಡಿದ ಬಟ್ಟೆಯಲ್ಲಿ ಪ್ಯಾನೆಲ್‌ನ ಅಡಿ ಮತ್ತೆ ಗರ್ತ್. ಕುದುರೆ ಬೆವರು ಬರೀ ಉಪ್ಪುನೀರಲ್ಲ, ಲ್ಯಾಥರಿನ್ ಅಂತ ಒಂದು ಪ್ರೋಟೀನ್ ಇರ್ತದೆ ಅದರಲ್ಲಿ, ಗರ್ತ್ ಹತ್ರ ಬಿಳಿ ನೊರೆ ಕಾಣೋದು ಅದರಿಂದಲೇ, ಒಣಗಿದ ಮೇಲೆ ಕೂದಲು ಧೂಳು ಸೇರಿ ಅಂಟಾಗಿ ಕೂರ್ತದೆ. ಪ್ಯಾಡನ್ನ ಜೀನಿನ ಮೇಲೆ ಒಣಗ್ಲಿಕ್ಕೆ ಹಾಕ್ಬೇಡಿ, ನೀರೆಲ್ಲ ಚರ್ಮಕ್ಕೆ ಇಳೀತದೆ. ಸಮುದ್ರದ ಬದಿಗೆ ಈ ಜೀನು ಹಾಕಿಕೊಂಡು ಹೋಗೋದಿಲ್ಲ, ಬೀಚಿಗೆ ಹೋಗುವ ದಿನ ಸಿಂಥೆಟಿಕ್ ಸ್ಯಾಡಲ್.

ಹಿತ್ತಾಳೆ ಬಕಲಿನ ಬುಡದಲ್ಲಿ ಹಸಿರು ಕಿಲುಬು ಬಂತು, ಎಣ್ಣೆ ಮೇಣ ತಾಗಿದ ಕಡೆ ಜಾಸ್ತಿ. ಬಿದಿರಿನ ಕಡ್ಡಿ ಚೂಪು ಮಾಡಿ ಕೆರೆದೆ, ಒಣ ಬಟ್ಟೆಯಲ್ಲಿ ಒರೆಸಿದೆ. ದೀಪ ಉಜ್ಜುವ ಹಾಗೆ ಹುಣಸೆ ಹುಳಿ ಹಾಕಿದ್ರೆ ಹಿತ್ತಾಳೆ ಹೊಳೀತದೆ ಸರಿ, ಆ ಹುಳಿನೀರು ಪಕ್ಕದ ಚರ್ಮದಲ್ಲಿ ಕಲೆ ಬಿಡ್ತದೆ.

6. ಅಕ್ಟೋಬರ್: ಉಣ್ಣೆ

ಮಳೆ ಕಮ್ಮಿ ಆಗಿ ರೈಡಿಂಗ್ ಸರಿಯಾಗಿ ಶುರುವಾದ ಮೇಲೆ ಬಿಳಿ ಬಟ್ಟೆ ಹಾಸಿ ಮತ್ತೆ ನೋಡಿದೆ. ಬೆವರಿನ ಗುರುತು ಎಡಗಡೆ ಅಗಲ, ಬಲಗಡೆ ನಡುವಲ್ಲಿ ಒಂದು ಅಂಗೈಯಷ್ಟು ಜಾಗ ಒಣ. ಬಲ ಪ್ಯಾನೆಲ್‌ನ ಉಣ್ಣೆ ಕುಗ್ಗಿದೆ, ಅಲ್ಲಿ ಬೆನ್ನಿಗೆ ತಾಗ್ತಿಲ್ಲ. ವಿದರ್ಸ್ ಮೇಲೆ ಮೂರು ಬೆರಳು ಹೋಗಿ ಎರಡು ಆಗಿತ್ತು. ಹೊಸ ಜೀನಿಗೆ ಇದು ಆಗಿಯೇ ಆಗ್ತದೆ, ಅದಕ್ಕೇ ಉಣ್ಣೆ ಇರೋದು, ಸೇರಿಸ್ಬಹುದು.

ಇಲ್ಲಿ ಜೀನು ರಿಪೇರಿ ಮಾಡೋರು ಇಲ್ಲ, ಕುದ್ರೋಳಿ ಕಡೆ ಕಾರ್ ಕುಶನ್ ಕೆಲಸ ಮಾಡುವ ಹಿರಿಯರೊಬ್ಬರಿಗೆ ತೋರಿಸಿದೆ. ತಿರುಗಿಸಿ ಮುರುಗಿಸಿ ನೋಡಿ, "ಇದಕ್ಕೆ ಫೋಮ್ ಹಾಕುವ ಮಾರಾಯ್ರೆ, ಗಟ್ಟಿ ಫೋಮ್ ಉಂಟು ನನ್ನ ಹತ್ರ" ಅಂದ್ರು. ಒಂದು ಕಡೆ ಉಣ್ಣೆ ಒಂದು ಕಡೆ ಫೋಮ್ ಆಗೋದಿಲ್ಲ ಅಂದೆ. "ಹಾಗಾದ್ರೆ ಬೂರುಗದ ಹತ್ತಿ?" ಅದು ಬೆವರಿಗೆ ಮುದ್ದೆ ಆಗ್ತದೆ. ಮತ್ತೆ ಉಣ್ಣೆ ನಾನೇ ತರಿಸಿಕೊಟ್ಟೆ, ತೊಳೆದು ಹಿಂಜಿದ್ದು, ಅರ್ಧ ಕಿಲೋ 600 ರೂ., ಕಾಲು ಭಾಗ ಸಹ ಬೇಕಾಗ್ಲಿಲ್ಲ.

ಪ್ಯಾನೆಲ್‌ನ ಮೇಲ್ಭಾಗದಲ್ಲಿ, ಸ್ವೆಟ್ ಫ್ಲಾಪ್ ಎತ್ತಿದ್ರೆ ಕಾಣುವ ಸೀಳು ಉಂಟು, ತುಂಬ್ಲಿಕ್ಕೆಂದೇ ಬಿಟ್ಟದ್ದು. ಉದ್ದ ಸ್ಕ್ರೂಡ್ರೈವರ್‌ನ ತುದಿಯನ್ನ ಅವರು ಅರದಲ್ಲಿ ವಿ ಆಕಾರಕ್ಕೆ ತೀಡಿ, ಅಂಚು ನುಣುಪು ಮಾಡಿಕೊಟ್ರು, ಆ ಸಂದಿಗೆ ಉಣ್ಣೆ ಸಿಕ್ಕಿಸಿ ಒಳಗೆ ತಳ್ಳೋದು. ಚಿಟಿಕೆ ಚಿಟಿಕೆ. ದೊಡ್ಡ ಉಂಡೆ ಮಾಡಿ ತುರುಕಿದ್ರೆ ಗಂಟು, ಅದು ಕುದುರೆ ಬೆನ್ನಿಗೆ ಕಲ್ಲು. ಮೊದಲ ಸಲ ಮುಂದೆ ಜಾಸ್ತಿ ಹೋಗಿ ಅಲ್ಲಿ ಉಬ್ಬಿತು, ಎಲ್ಲ ಹೊರಗೆ ಎಳೆದು ಮತ್ತೆ ತುಂಬಿದ್ವಿ. ಪ್ರತಿ ಚಿಟಿಕೆಗೂ ಹೊರಗಿಂದ ಅಂಗೈಯಲ್ಲಿ ತಟ್ಟಿ ಸವರಿ ನೋಡೋದು, ಎರಡೂ ಪ್ಯಾನೆಲ್ ಮೇಲೆ ಒಟ್ಟಿಗೆ ಕೈ ಆಡಿಸಿದ್ರೆ ವ್ಯತ್ಯಾಸ ಕಣ್ಣಿಗಿಂತ ಬೇಗ ಕೈಗೆ ಗೊತ್ತಾಗ್ತದೆ. ಮಜೂರಿ ಅವರು ಕೇಳಿದ್ದು 300, ಕಾರ್ ಸೀಟಿಗಿಂತ ಕಷ್ಟ ಅಂತ ಗೊಣಗಿದ್ದು ಬೇರೆ, ಆ ಸ್ಕ್ರೂಡ್ರೈವರ್ ಈಗ ನನ್ನ ಕಿಟ್‌ನಲ್ಲಿ ಉಂಟು.

ಆಮೇಲಿನ ರೈಡ್‌ಗಳಲ್ಲಿ ಬಟ್ಟೆ ಮೇಲಿನ ಗುರುತು ಎರಡೂ ಕಡೆ ಹೆಚ್ಚುಕಮ್ಮಿ ಒಂದೇ, ಬಲಗಡೆ ಹಿಂದೆ ಇನ್ನೂ ಎರಡು ಬೆರಳಗಲ ಒಣ ಕಾಣ್ತದೆ, ಅದಕ್ಕೆ ಮತ್ತೆ ಒಂದು ಚಿಟಿಕೆ ಹೋಗ್ಬಹುದು. ಗರ್ತ್ ಎಡಕ್ಕೆ ಮೂರನೇ ತೂತು, ಬಲಕ್ಕೆ ಮೂರನೇ ತೂತು. ಎಡದ ಮುಂದಿನ ಬಿಲೆಟ್‌ನ ಆ ತೂತು ಮಾತ್ರ ಸ್ವಲ್ಪ ಉದ್ದ ಆದ ಹಾಗೆ ಕಾಣ್ತದೆ, ಸದ್ಯಕ್ಕೆ ನಾಲ್ಕನೇದಕ್ಕೆ ಬದಲಾಯಿಸಿದ್ದೇನೆ, ಕಾನ್ಪುರಕ್ಕೆ ಒಂದು ಜೋಡಿ ಹೊಸ ಬಿಲೆಟ್‌ಗೆ ಆರ್ಡರ್ ಹಾಕಿದ್ದೇನೆ. ಅದನ್ನ ಹೊಲಿಯೋದು ಕುಶನ್ ಅಂಗಡಿಯವರ ಹತ್ರ ಅಲ್ಲ, ಮೈಸೂರು ಅಥವಾ ಬೆಂಗಳೂರು ರೇಸ್‌ಕೋರ್ಸ್ ಕಡೆ ಜೀನು ಹೊಲಿಯೋರು ಯಾರಾದ್ರೂ ಇದ್ರೆ ತಿಳಿಸಿ.